ಲೋಹದ ಬೆನ್ನು ಹತ್ತಿದ ಮೇರಿ ಕ್ಯೂರಿ

ಗೆಳತಿಯರೇ, ಪಿಯುಸಿಯ ಸಾಲ್ಟ್ ಅನಾಲಿಸಿಸ್, ಆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೆನಪಿದೆಯೇ? ಮೇರಿ ಕ್ಯೂರಿ ಹಿಡಿದದ್ದೂ ಅದೇ ದಾರಿ.

1867ರಲ್ಲಿ ವಾರ್ಸಾದಲ್ಲಿ ಹುಟ್ಟಿದರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ; 1891ರಲ್ಲಿ ಪ್ಯಾರಿಸ್ ಸೇರಿದರು. ಪಿಚ್‌ಬ್ಲೆಂಡ್ ಅದಿರಿನಲ್ಲಿ ಯುರೇನಿಯಂಗಿಂತ ಹೆಚ್ಚು ವಿಕಿರಣ ಕಂಡಾಗ, ಪತಿ ಪಿಯರ್ ಜೊತೆ ಅದನ್ನು ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಗುಂಪು ಗುಂಪಾಗಿ ಬೇರ್ಪಡಿಸಿದರು. ಹೊಸ ಲೋಹ ಕಣ್ಣಿಗೆ ಕಾಣದಷ್ಟು ಕಡಿಮೆ. ಹಾಗಾಗಿ ಬಣ್ಣ ನೋಡದೆ, ಪ್ರತಿ ಭಾಗದ ವಿಕಿರಣವನ್ನೇ ಅಳೆದರು. 1898ರಲ್ಲಿ ಬಿಸ್ಮತ್ ಜೊತೆ ಪೊಲೋನಿಯಂ, ಬೇರಿಯಂ ಜೊತೆ ರೇಡಿಯಂ ಸುಳಿವು ಕೊಟ್ಟವು.

ಟನ್‌ಗಟ್ಟಲೆ ಚರಟ ಕುದಿಸಿ, ಸೋಸಿ, 1902ರಲ್ಲಿ ಪಡೆದದ್ದು ಬರೀ 0.1 ಗ್ರಾಂ ರೇಡಿಯಂ ಕ್ಲೋರೈಡ್! 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ವಿಕಿರಣದ ನಡುವೆಯೇ ದುಡಿದ ಜೀವ 1934ರಲ್ಲಿ ರಕ್ತದ ಕಾಯಿಲೆಗೆ ಬಲಿಯಾಯಿತು. ಅವರ ನೋಟ್‌ಬುಕ್‌ಗಳು ಇಂದಿಗೂ ವಿಕಿರಣ ಸೂಸುತ್ತಿವೆ.