ಬಾಂಬಿಗೆ ವಿಶೇಷಣ ಬೇಕೆ?

2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ‘ಸಣ್ಣ ಅಣ್ವಸ್ತ್ರ’ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಕಾಣಿಸತೊಡಗಿತು. ಮೈಸೂರಿನಲ್ಲಿ ಬಹುಕಾಲ ಭೌತವಿಜ್ಞಾನ ಪಾಠ ಹೇಳಿದ ನನ್ನ ಬಳಿಗೆ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಒಂದೇ ಬಾಂಬಿನ ಸ್ಫೋಟ ಸಾಮರ್ಥ್ಯವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಬಹುದಂತೆ, ಅದು ನಿಜವೇ ಎಂದು ಕೇಳಿದ. ನಿಜ ಎಂದೆ. ಹಾಗಾದರೆ ಅಪಾಯ ಕಡಿಮೆಯಾಯಿತಲ್ಲ ಸಾರ್ ಎಂದು ಆತ ಸಮಾಧಾನಪಟ್ಟುಕೊಂಡ. ಆ ಸಮಾಧಾನ ಮಾತ್ರ ನನ್ನ ನಿದ್ದೆ ಕೆಡಿಸಿತು. ಅಂದಿನಿಂದ ನಾನು ಮತ್ತೆ ಮತ್ತೆ ನೆನೆಯುತ್ತಿರುವ ವ್ಯಕ್ತಿ ರಾಜಾ ರಾಮಣ್ಣ.

ರಾಮಣ್ಣನವರು ಹುಟ್ಟಿದ್ದು 1925ರ ಜನವರಿ 28ರಂದು, ಅಂದಿನ ಮೈಸೂರು ಸಂಸ್ಥಾನದ ತುಮಕೂರು ಸೀಮೆಯಲ್ಲಿ. ತಂದೆ ಸಂಸ್ಥಾನದ ನ್ಯಾಯಾಂಗದಲ್ಲಿದ್ದವರು. ಬಾಲ್ಯದ ಓದು ಮೈಸೂರು ಮತ್ತು ಬೆಂಗಳೂರುಗಳಲ್ಲಿ ನಡೆಯಿತು. ಹುಡುಗನಿಗೆ ಎಳವೆಯಲ್ಲೇ ಪಿಯಾನೋ ಹಿಡಿಸಿತು. ಅಂದಿನ ಮೈಸೂರಿನಲ್ಲಿ ಇದು ಅಷ್ಟೇನೂ ವಿಚಿತ್ರವಲ್ಲ. ವೀಣೆ ಶೇಷಣ್ಣನವರಿಗೆ ಮನ್ನಣೆ ನೀಡಿದ ಅರಮನೆ ಪಾಶ್ಚಾತ್ಯ ಸಂಗೀತಕ್ಕೂ ಬಾಗಿಲು ತೆರೆದಿತ್ತು. ರಷ್ಯದ ಸಂಗೀತ ರಚನಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ಜಯಚಾಮರಾಜ ಒಡೆಯರು. ರಾಮಣ್ಣನವರಿಗೆ ಹೋಮಿ ಭಾಭಾ ಅವರ ಪರಿಚಯವಾದದ್ದೂ 1944ರಲ್ಲಿ ಸಂಗೀತ ಪರೀಕ್ಷಕರೊಬ್ಬರ ಮೂಲಕವೇ. ಭಾರತದ ಅಣು ಕಾರ್ಯಕ್ರಮದ ಇಬ್ಬರು ಪ್ರಮುಖರನ್ನು ಮೊದಲು ಹತ್ತಿರ ತಂದದ್ದು ಪರಮಾಣುವಲ್ಲ, ಸಂಗೀತ.

ತಾಂಬರಂನ ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದ ರಾಮಣ್ಣ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿ, 1949ರಲ್ಲಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ಸ್ಥಾವರ ಚಾಲನೆಗೊಂಡಾಗ ಆ ತಂಡದಲ್ಲಿದ್ದ ತರುಣರಲ್ಲಿ ಅವರೂ ಒಬ್ಬರು. ಮರುವರ್ಷ ಆರಂಭವಾದ ತರಬೇತಿ ಶಾಲೆಯನ್ನು ಕಟ್ಟಿ ನಿಲ್ಲಿಸಿದವರೂ ಅವರೇ. ದೇಶದ ಪರಮಾಣು ವಿಜ್ಞಾನಿಗಳ ತಲೆಮಾರುಗಳು ಆ ಶಾಲೆಯಿಂದ ಹೊರಬಂದಿವೆ. ನನ್ನಂಥ ಮೇಷ್ಟರಿಗೆ ಅವರ ಮೇಲಿರುವ ಗೌರವದ ಮುಖ್ಯ ಕಾರಣ ಬಾಂಬಲ್ಲ, ಈ ಶಾಲೆ.

ಆದರೆ ಇತಿಹಾಸ ಅವರನ್ನು ನೆನೆಯುವುದು 1974ರ ಮೇ 18ರ ಬೆಳಗಿನ 8 ಗಂಟೆ 5 ನಿಮಿಷಕ್ಕೆ. ಅವರು ಆಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರು. ರಾಜಸ್ಥಾನದ ಪೋಖ್ರಣ್‌ನಲ್ಲಿ 107 ಮೀಟರ್ ಆಳದಲ್ಲಿ ಹುದುಗಿಸಿದ್ದ ಪ್ಲುಟೋನಿಯಂ ಸಾಧನ ಸಿಡಿಯಿತು. 8 ಗಂಟೆಗೆ ಗೊತ್ತಾಗಿದ್ದ ಸ್ಫೋಟ ಐದು ನಿಮಿಷ ತಡವಾದದ್ದು ಜೀಪೊಂದು ಹೊರಡದೆ ಮೊಂಡು ಹಿಡಿದದ್ದರಿಂದ. ಈ ಪರೀಕ್ಷೆಗೆ ‘ನಗುವ ಬುದ್ಧ’ ಎಂಬ ಹೆಸರು ಅಂಟಿಕೊಂಡಿತು. ಸರ್ಕಾರ ಅದನ್ನು ‘ಶಾಂತಿಯುತ ಅಣುಸ್ಫೋಟ’ ಎಂದು ಕರೆಯಿತು. ಈ ವಿಶೇಷಣ ಪೂರ್ತಿ ನಿರಾಧಾರವೇನೂ ಆಗಿರಲಿಲ್ಲ. ಕಾಲುವೆ ತೋಡಲು, ಕೆರೆ ಮಾಡಲು ಅಣುಸ್ಫೋಟ ಬಳಸುವ ಯೋಜನೆಗಳು ಅಮೆರಿಕ, ಸೋವಿಯತ್ ದೇಶಗಳೆರಡರಲ್ಲೂ ಆಗ ನಡೆದಿದ್ದವು. ಆದರೂ ಜಗತ್ತು ಒಪ್ಪಲಿಲ್ಲ. ಪ್ಲುಟೋನಿಯಂ ಬಂದದ್ದು ತಾನು ಕೊಟ್ಟ ಸ್ಥಾವರದಿಂದ ಎಂದು ಕೆನಡಾ ಅಣು ಸಹಕಾರ ನಿಲ್ಲಿಸಿತು. ಪರಮಾಣು ಪೂರೈಕೆದಾರ ದೇಶಗಳ ಕೂಟ ಹುಟ್ಟಿಕೊಂಡಿತು. 1997ರಲ್ಲಿ ಸ್ವತಃ ರಾಮಣ್ಣನವರೇ, ಅಂದು ಸಿಡಿದದ್ದು ಬಾಂಬೇ, ಅದರಲ್ಲಿ ಶಾಂತಿಯ ಪಾಲು ಹೆಚ್ಚಿರಲಿಲ್ಲ ಎಂಬರ್ಥದಲ್ಲಿ ಬಹಿರಂಗವಾಗಿ ಹೇಳಿದರು. ವಿಶೇಷಣ ಕಳಚಿ ಬೀಳಲು 23 ವರ್ಷ ಬೇಕಾಯಿತು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಒಂದು ಕಿಲೋಟನ್ ಎಂದರೆ ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನ ಶಕ್ತಿ. ಸುಮಾರು 57 ಗ್ರಾಂ ಪ್ಲುಟೋನಿಯಂ ಅಥವಾ ಯುರೇನಿಯಂ ಪೂರ್ಣವಾಗಿ ವಿದಳನಗೊಂಡರೆ ಅಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಹಿರೋಶಿಮಾ ಬಾಂಬಿನಲ್ಲಿ 64 ಕಿಲೋ ಯುರೇನಿಯಂ ಇದ್ದರೂ ವಿದಳನಗೊಂಡದ್ದು ಒಂದು ಕಿಲೋಗಿಂತ ಕಡಿಮೆ. ಊರನ್ನು ಸುಡಲು ಅಷ್ಟೇ ಸಾಕಾಯಿತು. ಅಂದರೆ ಬಾಂಬಿನ ಶಕ್ತಿ ಇರುವುದು ಅದರೊಳಗಿನ ಲೋಹದ ತೂಕದಲ್ಲಲ್ಲ, ಅದು ಚೆದುರಿಹೋಗುವ ಮೊದಲು ಎಷ್ಟು ಪಾಲು ಒಡೆಯುತ್ತದೆ ಎಂಬುದರಲ್ಲಿ. ಈ ಪಾಲನ್ನು ಹಿಗ್ಗಿಸಲು ತಿರುಳಿಗೆ ಡ್ಯುಟೀರಿಯಂ, ಟ್ರಿಟಿಯಂ ಅನಿಲಗಳನ್ನು ಹಾಯಿಸುತ್ತಾರೆ. ಅನಿಲ ಕಡಿಮೆ ಮಾಡಿದರೆ ಸ್ಫೋಟ ತಗ್ಗುತ್ತದೆ. ಜಲಜನಕ ಬಾಂಬಿನಲ್ಲಿ ಎರಡನೆಯ ಹಂತ ಹೊತ್ತಿಕೊಳ್ಳದಂತೆ ತಡೆದರೆ ಇನ್ನೂ ತಗ್ಗುತ್ತದೆ. ಅಮೆರಿಕದ ಬಿ61 ಬಾಂಬಿನ ಹೊಸ ಮಾದರಿಯನ್ನು ಹೀಗೆ 0.3 ಕಿಲೋಟನ್‌ನಿಂದ 50 ಕಿಲೋಟನ್‌ವರೆಗೆ ಹೊಂದಿಸಬಹುದು ಎನ್ನಲಾಗಿದೆ. ಉಡಾಯಿಸುವ ಮೊದಲು ಆಯ್ಕೆ ಮಾಡಿದರಾಯಿತು.

0.3 ಎಂದರೆ ಸಣ್ಣದೇ? 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಉಗ್ರಾಣದಲ್ಲಿದ್ದ ಅಮೋನಿಯಂ ನೈಟ್ರೇಟ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಆ ಸ್ಫೋಟದ ಶಕ್ತಿ ಸುಮಾರು ಅರ್ಧದಿಂದ ಒಂದು ಕಿಲೋಟನ್ ಎಂದು ಅಂದಾಜು. ಹೊಂದಿಸಬಲ್ಲ ಬಾಂಬಿನ ಅತಿ ಕೆಳಗಿನ ಅಳತೆ ಹೆಚ್ಚು ಕಡಿಮೆ ಅದರ ನೆರೆಹೊರೆಯದು. ಜೊತೆಗೆ ಬೈರೂತಿನಲ್ಲಿ ಇಲ್ಲದಿದ್ದ ವಿಕಿರಣ ಬೇರೆ.

ಭಾರತದಲ್ಲಿಯೂ ಈ ಅಳತೆಯ ಪ್ರಶ್ನೆ ಎದ್ದದ್ದುಂಟು. 1998ರ ಮೇ ತಿಂಗಳಲ್ಲಿ ಪೋಖ್ರಣ್‌ನಲ್ಲಿ ನಡೆದ ಐದು ಪರೀಕ್ಷೆಗಳಲ್ಲಿ ಮೂರು, ಒಂದು ಕಿಲೋಟನ್ನಿಗೂ ಕಡಿಮೆಯವು. ಅತಿ ದೊಡ್ಡದು 45 ಕಿಲೋಟನ್ನಿನ ಉಷ್ಣಬೈಜಿಕ ಸಾಧನ. ಹತ್ತಿರದ ಖೇತೋಲಾಯಿ ಗ್ರಾಮಕ್ಕೆ ಧಕ್ಕೆಯಾಗದಿರಲೆಂದು ಅದರ ಶಕ್ತಿಯನ್ನು ಬೇಕೆಂದೇ ತಗ್ಗಿಸಲಾಗಿತ್ತು, ಸುಮಾರು 200 ಕಿಲೋಟನ್‌ವರೆಗೆ ಹೋಗುವ ಸಾಮರ್ಥ್ಯ ನಮಗಿದೆ ಎಂಬುದು ಅಣುಶಕ್ತಿ ಇಲಾಖೆಯ ವಿವರಣೆ. ಆದರೆ ಪರೀಕ್ಷೆಯಲ್ಲಿ ಪಾಲ್ಗೊಂಡಿದ್ದ ಕೆ. ಸಂತಾನಂ 2009ರಲ್ಲಿ, ಆ ಸಾಧನ ನಿರೀಕ್ಷಿಸಿದಷ್ಟು ಶಕ್ತಿ ನೀಡಲಿಲ್ಲ ಎಂದರು. ಇಲಾಖೆ ಅದನ್ನು ನಿರಾಕರಿಸಿತು. 1974ರ ಸ್ಫೋಟ ಅಧಿಕೃತವಾಗಿ 12 ಕಿಲೋಟನ್. ಹೊರಗಿನ ತಜ್ಞರು ಅಳೆದಾಗ ಅದೂ ಕಡಿಮೆಯಾಗಿಯೇ ಕಂಡಿತು. ಸಿಡಿದು ಮುಗಿದ ಬಾಂಬಿನ ಅಳತೆಯ ಬಗ್ಗೆಯೇ ಅದನ್ನು ಬಲ್ಲವರಲ್ಲಿ ಒಮ್ಮತವಿಲ್ಲ. ಹಾಗಿರುವಾಗ ಯುದ್ಧದ ನಡುವೆ, ತಲೆಯ ಮೇಲೆ ಬಿದ್ದದ್ದು ದೊಡ್ಡದೋ ಸಣ್ಣದೋ ಎಂದು ಶತ್ರು ಅಳೆದು ನೋಡಿ ಅಳತೆಗೆ ತಕ್ಕ ಉತ್ತರ ಕೊಡುತ್ತಾನೆ ಎಂದು ನಂಬುವುದು ಹೇಗೆ?

‘ಸಣ್ಣ’ ಬಾಂಬಿನ ನಿಜವಾದ ಅಪಾಯ ಅದು ಕೊಲ್ಲುವುದರಲ್ಲಷ್ಟೇ ಅಲ್ಲ, ಬಳಸಬಹುದು ಎಂಬ ಧೈರ್ಯ ಕೊಡುವುದರಲ್ಲಿದೆ. ಊರನ್ನೇ ಸುಡುವ ಅಸ್ತ್ರವನ್ನು ಪ್ರಯೋಗಿಸಲು ಯಾವ ಆಳುವವನ ಕೈಯೂ ನಡುಗೀತು. ಒಂದು ಸೇನಾ ತುಕಡಿಗೆ ಇಷ್ಟೇ ಸಾಕು ಎಂದು ಅಳತೆ ತಗ್ಗಿಸಿಕೊಟ್ಟರೆ ಆ ನಡುಕವೂ ತಗ್ಗುತ್ತದೆ. 2011ರಲ್ಲಿ ಪಾಕಿಸ್ತಾನ 60 ಕಿಲೋಮೀಟರ್ ವ್ಯಾಪ್ತಿಯ ‘ನಸ್ರ್’ ಕ್ಷಿಪಣಿಯನ್ನು ಪರೀಕ್ಷಿಸಿದ್ದು ಇಂಥ ಲೆಕ್ಕಾಚಾರದಿಂದಲೇ. 2003ರಲ್ಲಿ ಪ್ರಕಟವಾದ ಭಾರತದ ನೀತಿ ಇದಕ್ಕೆ ತದ್ವಿರುದ್ಧ. ನಾವು ಮೊದಲು ಬಳಸುವುದಿಲ್ಲ. ಆದರೆ ನಮ್ಮ ಮೇಲೆ ಅಣ್ವಸ್ತ್ರ ಬಿದ್ದರೆ ಭಾರೀ ಪ್ರತೀಕಾರ ತಪ್ಪದು ಎಂಬುದು ಅದರ ಸಾರ. ಸಣ್ಣದು, ದೊಡ್ಡದು ಎಂಬ ಮೆಟ್ಟಿಲುಗಳನ್ನು ಆ ನೀತಿ ಒಪ್ಪುವುದಿಲ್ಲ. ಅದರ ಪ್ರತೀಕಾರದ ಮಾತು ನನಗೆ ಭಯ ಹುಟ್ಟಿಸುತ್ತದೆ ಎಂಬುದನ್ನು ಮುಚ್ಚಿಡಲಾರೆ. ಆದರೂ ಬಾಂಬನ್ನು ಬಾಂಬೆಂದೇ ಕರೆಯುವ ಪ್ರಾಮಾಣಿಕತೆ ಅದಕ್ಕಿದೆ. ಮೊದಲು ಬಳಸೆವು ಎಂಬ ಮಾತು ಮುಂದೆ ಪರಿಸ್ಥಿತಿಯನ್ನು ಅವಲಂಬಿಸಿದೆ ಎಂದು 2019ರಲ್ಲಿ ರಕ್ಷಣಾ ಸಚಿವರು ಪೋಖ್ರಣ್‌ನಲ್ಲಿಯೇ ಹೇಳಿದಾಗ ನಾನು ಕಳವಳಗೊಂಡದ್ದು ಅದಕ್ಕಾಗಿ.

ರಾಮಣ್ಣನವರು ಮುಂದೆ ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾದರು, ಅಣುಶಕ್ತಿ ಆಯೋಗದ ಅಧ್ಯಕ್ಷರಾದರು, 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾದರು, ರಾಜ್ಯಸಭೆಯಲ್ಲಿ ಕುಳಿತರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿ ವಿಜ್ಞಾನಿಗಳನ್ನೂ ತತ್ವಶಾಸ್ತ್ರಜ್ಞರನ್ನೂ ಒಂದೆಡೆ ಕೂರಿಸಿದರು. ನಮ್ಮ ರಾಗಗಳನ್ನೂ ಪಾಶ್ಚಾತ್ಯ ಸಂಗೀತವನ್ನೂ ತೂಗಿನೋಡುವ ಪುಸ್ತಕ ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ತೀರಿಕೊಂಡರು.

ಪಿಯಾನೋ ಎಂಬ ಹೆಸರೇ ಮೆಲು ಮತ್ತು ಗಟ್ಟಿ ದನಿಗಳನ್ನು ಸೂಚಿಸುವ ಇಟಾಲಿಯನ್ ಮಾತಿನಿಂದ ಬಂದದ್ದು. ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ತಗ್ಗುವುದು, ಏರುವುದು ಅದರ ವೈಶಿಷ್ಟ್ಯ. ತಪ್ಪಿದರೆ ಮತ್ತೆ ನುಡಿಸಬಹುದು. ರಾಮಣ್ಣನವರ ಬದುಕಿನ ಇನ್ನೊಂದು ವಾದ್ಯಕ್ಕೆ ಆ ಅವಕಾಶವಿಲ್ಲ.

ಮೈಸೂರಿನಿಂದ ಹುಣಸೂರಿನತ್ತ ಹೊರಟರೆ ಇಲವಾಲ ಸಿಗುತ್ತದೆ. ಸಮೀಪದ ರತ್ನಹಳ್ಳಿಯಲ್ಲಿ ಭಾಭಾ ಕೇಂದ್ರದ ವಿರಳ ವಸ್ತುಗಳ ಘಟಕವಿದೆ. ಯುರೇನಿಯಂ ಅನಿಲವನ್ನು ಯಂತ್ರಗಳಲ್ಲಿ ಗಿರಗಿರನೆ ತಿರುಗಿಸಿ ಸಮೃದ್ಧಗೊಳಿಸುವ ಜಾಗ ಅದು. ಮುಖ್ಯವಾಗಿ ಜಲಾಂತರ್ಗಾಮಿಗಳ ಇಂಧನಕ್ಕಾಗಿ ಎಂಬುದು ತಜ್ಞರ ಅಭಿಪ್ರಾಯ. ದಸರಾ, ಮಲ್ಲಿಗೆ, ಪಿಂಚಣಿದಾರರ ಊರೆಂದು ನಾವು ಹೇಳಿಕೊಳ್ಳುವ ಮೈಸೂರು ಈ ವಿಷಯದಿಂದ ದೂರವೇನಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ನನ್ನ ವಿದ್ಯಾರ್ಥಿ ನೆನಪಾಗುತ್ತಾನೆ. ಮತ್ತೆ ಸಿಕ್ಕರೆ ಅವನಿಗೆ ಹೇಳಬೇಕಾದದ್ದು ಒಂದೇ: ಬಾಂಬಿನ ಹಿಂದೆ ‘ಶಾಂತಿಯುತ’ ಎಂದೋ ‘ಸಣ್ಣ’ ಎಂದೋ ಯಾರಾದರೂ ಸೇರಿಸಿದಾಗ, ಆ ಮಾತು ಬಾಂಬನ್ನು ತಗ್ಗಿಸುವುದಿಲ್ಲಪ್ಪ, ನಮ್ಮ ಎಚ್ಚರವನ್ನು ತಗ್ಗಿಸುತ್ತದೆ. ಅದನ್ನು ತಯಾರಿಸಿದ ನಮ್ಮವರೊಬ್ಬರೇ ಕೊನೆಗೆ ವಿಶೇಷಣವನ್ನು ತೆಗೆದುಹಾಕಿದರು ಎಂಬುದು ನಮಗೆ ನೆನಪಿರಲಿ.