ಕಾಣೆಯಾದವರ ಹೆಸರು ಹುಡುಕಿದ ಕ್ಲಾರಾ ಬಾರ್ಟನ್

ರೆಡ್‌ಕ್ರಾಸ್ ಎಂದೊಡನೆ ನೆನಪಾಗುವ ಹೆಸರುಗಳಲ್ಲಿ ಕ್ಲಾರಾ ಬಾರ್ಟನ್ ಅವರದೂ ಒಂದು. ರಣರಂಗದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ದಾದಿ ಎಂದೇ ಆಕೆಯ ಖ್ಯಾತಿ. ಆದರೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡಿನ ಸದ್ದು ನಿಂತ ಮೇಲೆ ಆಕೆ ಕೈಗೊಂಡ ಕಾರ್ಯ ಅದಕ್ಕಿಂತ ದೊಡ್ಡದು. ಅದು ಅಷ್ಟಾಗಿ ಯಾರಿಗೂ ತಿಳಿದಿಲ್ಲ.

1821ರ ಡಿಸೆಂಬರ್ 25ರಂದು ಮೆಸಾಚುಸೆಟ್ಸ್ ರಾಜ್ಯದ ನಾರ್ತ್ ಆಕ್ಸ್‌ಫರ್ಡ್‌ನಲ್ಲಿ ಜನಿಸಿದ ಕ್ಲಾರಾ ಹದಿಹರೆಯದಲ್ಲೇ ಶಿಕ್ಷಕಿಯಾದರು. ನ್ಯೂಜೆರ್ಸಿಯ ಬೋರ್ಡನ್‌ಟೌನ್‌ನಲ್ಲಿ 1852ರಲ್ಲಿ ಆಕೆ ತೆರೆದ ಉಚಿತ ಶಾಲೆ ನೂರಾರು ಮಕ್ಕಳ ಸಂಸ್ಥೆಯಾಗಿ ಬೆಳೆಯಿತು. ಬೆಳೆದ ಮೇಲೆ ಅದರ ಮುಖ್ಯಸ್ಥನ ಹುದ್ದೆ, ಹೆಚ್ಚಿನ ಸಂಬಳದೊಂದಿಗೆ, ಒಬ್ಬ ಗಂಡಸಿನ ಪಾಲಾಯಿತು. ಕ್ಲಾರಾ ರಾಜೀನಾಮೆ ಕೊಟ್ಟು ವಾಷಿಂಗ್ಟನ್‌ಗೆ ಬಂದು ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾದರು. ಕಡತ ನಕಲು ಮಾಡುವ, ಪಟ್ಟಿ ತಯಾರಿಸುವ ಆ ನೀರಸ ಅಭ್ಯಾಸವೇ ಮುಂದೆ ಆಕೆಯ ಅಸ್ತ್ರವಾಯಿತು.

1861ರಲ್ಲಿ ಯುದ್ಧ ಆರಂಭವಾದಾಗ ಆಕೆ ಬಟ್ಟೆ, ಔಷಧಿ, ಆಹಾರ ಸಂಗ್ರಹಿಸಿ ರಣರಂಗಕ್ಕೇ ಒಯ್ದರು. 1862ರ ಆಂಟೀಟಮ್ ಕದನದಲ್ಲಿ ಆಕೆಯ ತೋಳಿನ ಬಟ್ಟೆಯನ್ನು ತೂರಿ ಹೋದ ಗುಂಡು, ಆಕೆ ನೀರು ಕುಡಿಸುತ್ತಿದ್ದ ಸೈನಿಕನನ್ನೇ ಕೊಂದಿತು.

ನಾಲ್ಕು ವರ್ಷಗಳ ಆ ಸಮರದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಸೈನಿಕನ ಕೊರಳಿಗೆ ಗುರುತಿನ ಬಿಲ್ಲೆ ಇರದಿದ್ದ ಕಾಲವದು. ಸರ್ಕಾರಿ ಸ್ಮಶಾನಗಳಲ್ಲಿ ಹೂತ ಉತ್ತರದ ಸೈನಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೆಸರೇ ಇರಲಿಲ್ಲ. ಮಗ ಬದುಕಿದ್ದಾನೆಯೇ, ಸತ್ತಿದ್ದಾನೆಯೇ ಎಂಬುದು ತಿಳಿಯದ ತಾಯಿಗೆ, ತಿಥಿಯನ್ನೂ ಮಾಡಲಾಗದ ಆ ಸ್ಥಿತಿಯಲ್ಲಿ, ಶಾಂತಿ ಎಂಬ ಮಾತಿಗೆ ಏನು ಅರ್ಥ?

1865ರ ಮಾರ್ಚ್‌ನಲ್ಲಿ ಅಧ್ಯಕ್ಷ ಲಿಂಕನ್ ಅವರ ಸಮ್ಮತಿ ಪಡೆದು ಆಕೆ ಶೋಧ ಆರಂಭಿಸಿದರು. ವಾಷಿಂಗ್ಟನ್‌ನ ಏಳನೆಯ ಬೀದಿಯ ಬಾಡಿಗೆ ಮನೆಯ ಮೂರನೆಯ ಮಹಡಿಯೇ ಕಚೇರಿ. ವಿಧಾನ ಬಹು ಸರಳವಾಗಿತ್ತು. ಮನೆಮಂದಿ ಬರೆದ ಪತ್ರಗಳಿಂದ ಹೆಸರುಗಳನ್ನು ರಾಜ್ಯವಾರು ಜೋಡಿಸಿ, ಮುದ್ರಿಸಿ, ಅಂಚೆ ಕಚೇರಿಗಳಿಗೂ ಪತ್ರಿಕೆಗಳಿಗೂ ಕಳಿಸುವುದು. ಬದುಕಿ ಮರಳಿದ ಸೈನಿಕರು ತಮ್ಮ ಒಡನಾಡಿಗಳ ಬಗ್ಗೆ ಬಲ್ಲದ್ದನ್ನು ಬರೆದು ತಿಳಿಸುವುದು. ಸರ್ಕಾರದ ಕಡತದಲ್ಲಿ ಇಲ್ಲದ್ದು ಸಾಮಾನ್ಯ ನಾಗರಿಕರ ನೆನಪಿನಲ್ಲಿತ್ತು. ಬಂದ ಪತ್ರಗಳು 63 ಸಾವಿರಕ್ಕೂ ಹೆಚ್ಚು. ಸುಳಿವು ದೊರೆತದ್ದು ಸುಮಾರು 22 ಸಾವಿರ ಮಂದಿಯದು. ತನ್ನ ಹೆಸರನ್ನು ಪಟ್ಟಿಯಲ್ಲಿ ಕಂಡು ಸಿಟ್ಟಾಗಿ ಬರೆದ ಒಬ್ಬ ಸೈನಿಕನೂ ಇದ್ದ. ಮನೆಯವರಿಗೆ ಒಂದು ಸಾಲು ಬರೆಯದ ಅವನನ್ನು ಕ್ಲಾರಾ ಮೇಡಂ ಪತ್ರದಲ್ಲೇ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಮೊದಮೊದಲು ಖರ್ಚು ಆಕೆಯ ಸ್ವಂತದ್ದು. 1866ರಲ್ಲಷ್ಟೇ ಸಂಸತ್ತು 15 ಸಾವಿರ ಡಾಲರ್ ಮಂಜೂರು ಮಾಡಿತು.

ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದ ಕಥೆ ಇನ್ನೂ ದಾರುಣ. ದಕ್ಷಿಣದವರ ವಶದಲ್ಲಿದ್ದ ಅಲ್ಲಿ ಹದಿನಾಲ್ಕು ತಿಂಗಳಲ್ಲಿ ಹಸಿವು, ರೋಗಗಳಿಂದ ಸುಮಾರು 13 ಸಾವಿರ ಕೈದಿಗಳು ಸತ್ತಿದ್ದರು. ಸತ್ತವರ ಲೆಕ್ಕ ಬರೆಯಲು ನೇಮಿಸಿದ್ದ ಡೊರೆನ್ಸ್ ಆಟ್ವಾಟರ್ ಎಂಬ ಯುವ ಕೈದಿ, ಗುಟ್ಟಾಗಿ ಆ ಪಟ್ಟಿಯ ಪ್ರತಿಯೊಂದನ್ನು ಇಟ್ಟುಕೊಂಡಿದ್ದ. 1865ರ ಬೇಸಿಗೆಯಲ್ಲಿ ಸರ್ಕಾರದ ತಂಡದೊಡನೆ ಕ್ಲಾರಾ ಮತ್ತು ಆಟ್ವಾಟರ್ ಅಲ್ಲಿಗೆ ಹೋದರು. ಪಟ್ಟಿಯ ಸಂಖ್ಯೆಯನ್ನು ಗೋರಿಯ ಸಂಖ್ಯೆಗೆ ಹೊಂದಿಸಿ ಹೆಸರು ಬರೆಯಲಾಯಿತು. ಗುರುತು ಸಿಗದೆ ಉಳಿದವು 460ರಷ್ಟು ಮಾತ್ರ. ಆಗಸ್ಟ್ 17ರಂದು ಆಕೆಯೇ ಅಲ್ಲಿ ಧ್ವಜ ಏರಿಸಿದರು. ಆಗತಾನೆ ಬಿಡುಗಡೆಗೊಂಡ ಕರಿಯ ಜನ ತಾವು ನಿಜವಾಗಿ ಸ್ವತಂತ್ರರೇ ಎಂದು ಕೇಳಲು ಆಕೆಯ ಬಳಿಗೆ ಬರುತ್ತಿದ್ದರು. ವಿಪರ್ಯಾಸವೆಂದರೆ, ತಾನೇ ಉಳಿಸಿದ ಪಟ್ಟಿಯನ್ನು ಕದ್ದನೆಂಬ ಆರೋಪದ ಮೇಲೆ ಆಟ್ವಾಟರ್‌ನನ್ನು ಸೇನಾ ನ್ಯಾಯಾಲಯ ಜೈಲಿಗೆ ಕಳಿಸಿತು. ಕ್ಲಾರಾ ಅವನ ಪರ ಬಡಿದಾಡಿದರು. ಆತ ಹೊರಬಂದ ಮೇಲೆ, 1866ರಲ್ಲಿ, ಪಟ್ಟಿ ಪ್ರಕಟವಾಯಿತು.

ಈ ಕಾರ್ಯಕ್ಕೆ ಮಿತಿಯೂ ಇತ್ತು. ಶೋಧ ನಡೆದದ್ದು ಮುಖ್ಯವಾಗಿ ಗೆದ್ದ ಉತ್ತರದವರಿಗಾಗಿ. ಸೋತ ದಕ್ಷಿಣದ ಸತ್ತವರ ಹೊಣೆ ಅಲ್ಲಿನ ಮಹಿಳಾ ಸಂಘಗಳ ಮೇಲೆ ಬಿತ್ತು. ಒಂದೇ ದೇಶದ ಶೋಕ ಹೀಗೆ ಎರಡಾಗಿ ಹರಿಯಿತು. 1877ರಲ್ಲಿ ದಕ್ಷಿಣದ ಮೇಲಿನ ಕೇಂದ್ರದ ಸೇನಾ ಕಾವಲು ತೆಗೆದ ಮೇಲೆ ಕರಿಯರ ಹಕ್ಕುಗಳೂ ಒಂದೊಂದಾಗಿ ಕೈಜಾರಿದವು. ಅದನ್ನು ತಡೆಯುವ ಶಕ್ತಿ ಒಬ್ಬ ಮಹಿಳೆಯ ಕಚೇರಿಗೆ ಇರಲಿಲ್ಲ.

1868ರಲ್ಲಿ ಕಚೇರಿ ಮುಚ್ಚಿತು. ಊರೂರಿನ ಉಪನ್ಯಾಸಗಳಿಂದ ದಣಿದು ದನಿಯೇ ಹೋಗಿದ್ದ ಕ್ಲಾರಾ ಯುರೋಪಿಗೆ ತೆರಳಿದರು. ರೆಡ್‌ಕ್ರಾಸ್‌ನ ಪರಿಚಯವಾದದ್ದು ಅಲ್ಲಿ. 1881ರಲ್ಲಿ ಅಮೆರಿಕದಲ್ಲಿ ಅದರ ಶಾಖೆ ಸ್ಥಾಪಿಸಿದರು. ಮರುವರ್ಷ ಆ ದೇಶ ಜಿನೀವಾ ಒಪ್ಪಂದವನ್ನು ಅನುಮೋದಿಸಿತು. ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟ, ಲೆಕ್ಕಪತ್ರದಲ್ಲಿನ ಸಡಿಲತೆ ಟೀಕೆಗೆ ಗುರಿಯಾಗಿ 1904ರಲ್ಲಿ ಅಧ್ಯಕ್ಷ ಸ್ಥಾನ ತೊರೆದರು. 1912ರ ಏಪ್ರಿಲ್ 12ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಏಳನೆಯ ಬೀದಿಯ ಆ ಕಟ್ಟಡ ನೆಲಸಮವಾಗಬೇಕಿತ್ತು. 1996ರಲ್ಲಿ ಅದನ್ನು ಪರಿಶೀಲಿಸಲು ಹೋದ ಸರ್ಕಾರಿ ಬಡಗಿಯೊಬ್ಬರಿಗೆ ಅಟ್ಟದ ಮೇಲೆ ಕ್ಲಾರಾ ಹೆಸರಿದ್ದ ಕಚೇರಿಯ ನಾಮಫಲಕ ಮತ್ತು ಹಳೆಯ ಕಾಗದಗಳು ಸಿಕ್ಕವು. ಕಟ್ಟಡ ಉಳಿಯಿತು. 2015ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.