ಅರ್ನೆಸ್ಟ್ ರುದರ್‌ಫರ್ಡ್

ಅರ್ನೆಸ್ಟ್ ರುದರ್‌ಫರ್ಡರು ೧೮೭೧ರಲ್ಲಿ ನ್ಯೂಜಿಲೆಂಡಿನ ನೆಲ್ಸನ್ ನಗರದ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ಗಾಡಿಯ ಚಕ್ರಗಳನ್ನು ಮಾಡುವ ಕಸುಬಿನವರು, ತಾಯಿ ಶಿಕ್ಷಕಿಯಾಗಿದ್ದವರು. ಹನ್ನೆರಡು ಮಕ್ಕಳ ಆ ತುಂಬುಸಂಸಾರದಿಂದ ಬಂದ ಅವರು ೧೮೯೫ರಲ್ಲಿ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ ಸೇರಿ, ಜೆ. ಜೆ. ಥಾಮ್ಸನ್ನರ ಶಿಷ್ಯರಾದರು.

ಧನವಿದ್ಯುತ್ತು ಪರಮಾಣುವಿನ ತುಂಬ ಸಮನಾಗಿ ಹರಡಿಕೊಂಡಿದೆ ಎಂಬುದು ಥಾಮ್ಸನ್ನರ ಮತವಾಗಿತ್ತು. ೧೯೦೯ರಲ್ಲಿ, ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, ರುದರ್‌ಫರ್ಡರು ಲೋಹದ ರೇಕನ್ನು ಗುರಿಯಾಗಿರಿಸಿ ಆಲ್ಫಾ ಕಣಗಳನ್ನು ಹಾಯಿಸುವ ಪ್ರಯೋಗವನ್ನು ಸಹಾಯಕ ಗೈಗರ್ ಮತ್ತು ವಿದ್ಯಾರ್ಥಿ ಮಾರ್ಸ್‌ಡೆನ್ನರಿಗೆ ಒಪ್ಪಿಸಿದರು. ಗುರಿಯು ದಪ್ಪವಾಗಿದ್ದರೆ ಕಣವು ಹಲವು ಪರಮಾಣುಗಳಿಂದ ಚದುರಿ, ಯಾವುದರ ಪ್ರಭಾವ ಎಷ್ಟೆಂಬುದು ತಿಳಿಯದು. ಚಿನ್ನವನ್ನಾದರೋ ಸೆಂಟಿಮೀಟರಿನ ಲಕ್ಷದಲ್ಲಿ ನಾಲ್ಕು ಪಾಲಿನಷ್ಟು ತೆಳುವಾಗಿ ಬಡಿಯಬಹುದು. ಕತ್ತಲೆಕೋಣೆಯಲ್ಲಿ ಕುಳಿತು, ಸತುವಿನ ಸಲ್ಫೈಡ್ ಲೇಪಿಸಿದ ತೆರೆಯ ಮೇಲಿನ ಮಿನುಗುಗಳನ್ನು ಸೂಕ್ಷ್ಮದರ್ಶಕದಿಂದ ನೋಡಿ ಅವರು ಒಂದೊಂದಾಗಿ ಎಣಿಸಿದರು. ಬಹುಪಾಲು ಕಣಗಳು ನೇರವಾಗಿ ಹಾದುಹೋದವು. ಸುಮಾರು ೨೦,೦೦೦ಕ್ಕೆ ಒಂದು ಮಾತ್ರ ಲಂಬಕೋನದಷ್ಟು ಹೊರಳಿತು.

ಆ ಒಂದನ್ನು ಎಣಿಕೆಯ ತಪ್ಪೆಂದು ಕಡೆಗಣಿಸುವುದು ಸುಲಭವಾಗಿತ್ತು. ಹಾಗೆ ಮಾಡಿದ್ದರೆ ಗುರುಗಳ ಮತವೂ ಉಳಿಯುತ್ತಿತ್ತು. ರುದರ್‌ಫರ್ಡರು ಗುರುವಿನ ಮತಕ್ಕಿಂತ ಪ್ರಯೋಗದ ಸಾಕ್ಷ್ಯವೇ ಹಿರಿದೆಂದು ಬಗೆದರು. ಪರಮಾಣುವಿನ ದ್ರವ್ಯರಾಶಿಯ ಬಹುಭಾಗವು ವಿದ್ಯುದಂಶದೊಡನೆ ಅದರ ನಡುವಿನ ಅತ್ಯಲ್ಪ ಸ್ಥಳದಲ್ಲಿ ಅಡಗಿದೆಯೆಂದು ೧೯೧೧ರಲ್ಲಿ ಸಾರಿದರು. ಮುಂದೆ ಅದಕ್ಕೆ ನ್ಯೂಕ್ಲಿಯಸ್ ಎಂಬ ಹೆಸರು ಬಂದಿತು.

೧೯೩೭ರಲ್ಲಿ ಅವರು ನಿಧನರಾದರು. ಇಂಗ್ಲೆಂಡಿನಲ್ಲಿ ಅವರ ಹೆಸರನ್ನು ಹೊತ್ತ ಪ್ರಯೋಗಾಲಯವೊಂದರಲ್ಲಿ, ಲೇಸರ್ ಬೆಳಕಿನಿಂದ ಕಣಗಳಿಗೆ ವೇಗವೀಯುವ ಪ್ರಯೋಗಗಳಿಗಾಗಿ ಕೂದಲೆಳೆಗಿಂತಲೂ ತೆಳುವಾದ ಗುರಿಗಳನ್ನು ಇಂದು ಸಿದ್ಧಪಡಿಸುತ್ತಾರೆ.